ವಹಿವಾಟಿನ ಅಂಕಿ ನೋಡುವ ಮುನ್ನ

ಯುರೋಪಿನ ಯಾವ ದೇಶದ ರಾಸಾಯನಿಕ ಉದ್ಯಮ ಎಷ್ಟು ಬೆಳೆದಿದೆ ಎಂದು ಹೋಲಿಸಿ ಪಟ್ಟಿ ಮಾಡುವ ಕೆಲಸ ನಿನಗೆ ಬಂದಿದೆಯಂತೆ. ಒಳ್ಳೆಯದಾಯಿತು ಮಗೂ. ಆದರೆ ವಹಿವಾಟು ಏರಿದ ದೇಶವನ್ನು ಮೇಲಕ್ಕೆ, ಇಳಿದದ್ದನ್ನು ಕೆಳಕ್ಕೆ ಬರೆದು ಕೈತೊಳೆದುಕೊಳ್ಳಬೇಡ. ಮೊದಲು 2022ನೇ ಇಸವಿಯನ್ನು ಬಿಡಿಸಿ ನೋಡು.

ಆ ವರ್ಷ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್ಎಫ್‌ನ ಮಾರಾಟ 8,730 ಕೋಟಿ ಯೂರೋ, ಹಿಂದಿನ ವರ್ಷಕ್ಕಿಂತ ಶೇ. 11ರಷ್ಟು ಜಾಸ್ತಿ. ಓದಿದವರು ಭೇಷ್ ಎನ್ನಬೇಕು. ಆದರೆ ಮಾರಿದ ಸರಕಿನ ಪ್ರಮಾಣ ಕಡಿಮೆಯಾಗಿತ್ತು! ಈ ಲೆಕ್ಕ ಒಪ್ಪಿಸಿದ 2023ರ ಫೆಬ್ರವರಿಯಲ್ಲೇ ತನ್ನ ಲುಡ್ವಿಗ್ಸ್‌ಹಾಫೆನ್ ನೆಲೆಯ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ಕಂಪನಿ ಸಾರಿತು. ರಷ್ಯಾದಿಂದ ಬರುವ ಅನಿಲ ತೀರಾ ಕಡಿಮೆಯಾಗಿ, 2022ರ ಆಗಸ್ಟಿನಲ್ಲಿ ಯುರೋಪಿನ ಸಗಟು ಮಾರುಕಟ್ಟೆಯಲ್ಲಿ ಅನಿಲದ ಬೆಲೆ ಮೆಗಾವ್ಯಾಟ್ ಗಂಟೆಗೆ 300 ಯೂರೋ ದಾಟಿತ್ತು. ಅಮೋನಿಯಾಕ್ಕೆ ಅನಿಲ ಬರೀ ಉರುವಲಲ್ಲ, ಕಚ್ಚಾವಸ್ತುವೂ ಅದೇ. ಹಾಗಾಗಿ ಸರಕಿನ ಬೆಲೆಯೂ ಏರಿತು. ಟೊಮೆಟೊ ಕಿಲೋಗೆ ನೂರು ರೂಪಾಯಿ ಮುಟ್ಟಿದಾಗ ಅರ್ಧ ಬುಟ್ಟಿ ಮಾರಿದವನ ಗಲ್ಲಾಪೆಟ್ಟಿಗೆಯೂ ತುಂಬುತ್ತದಲ್ಲ, ಹಾಗಾಯಿತು. ಮರುವರ್ಷ ಬೆಲೆ ಇಳಿದದ್ದೇ ತಡ, ಬಿಎಎಸ್ಎಫ್‌ನ ಮಾರಾಟ 6,890 ಕೋಟಿ ಯೂರೋಗೆ ಇಳಿಯಿತು.

ಹಾಗಾಗಿ ಯುರೋಪಿನ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್‌ನ ವಹಿವಾಟು ಸೂಚ್ಯಂಕವನ್ನು ಒಂಟಿಯಾಗಿ ಎತ್ತಿಕೊಳ್ಳಬೇಡ. ಅವರೇ ಕೊಡುವ ಉತ್ಪಾದನಾ ಸೂಚ್ಯಂಕ, ಉತ್ಪಾದಕರ ಬೆಲೆ ಸೂಚ್ಯಂಕ ಎರಡನ್ನೂ ಪಕ್ಕದಲ್ಲಿಡು. ಬೆಲೆಯ ಪಾಲೆಷ್ಟು, ಸರಕಿನ ಪಾಲೆಷ್ಟು ಎಂಬುದು ಆಗ ಹೊರಬೀಳುತ್ತದೆ. ಆಧಾರ ವರ್ಷ 2015ರದ್ದೋ 2021ರದ್ದೋ ನೋಡಿಕೋ. ಎರಡನ್ನೂ ಒಂದೇ ಕೋಷ್ಟಕಕ್ಕೆ ತುರುಕಿದವರೂ ಇದ್ದಾರೆ.

ನಾಣ್ಯವನ್ನೂ ಗಮನಿಸು: ಹಂಗೇರಿ, ಪೋಲೆಂಡ್ ಯೂರೋ ಬಳಸುವುದಿಲ್ಲ. 2022ರ ಅಕ್ಟೋಬರಿನಲ್ಲಿ ಒಂದು ಯೂರೋಗೆ ಹಂಗೇರಿಯ ನಾಣ್ಯವಾದ ಫೋರಿಂಟ್ 400ಕ್ಕೂ ಹೆಚ್ಚು ತೆರಬೇಕಾಗಿತ್ತು. ಹೊರಗೆ ಅದೇ ಯೂರೋ ದರಕ್ಕೆ ಅಷ್ಟೇ ಸರಕು ಮಾರಿದ ಹಂಗೇರಿಯ ಕಾರ್ಖಾನೆಯೂ ಫೋರಿಂಟ್ ಲೆಕ್ಕದಲ್ಲಿ ಬೆಳೆದಂತೆ ಕಾಣುತ್ತದೆ.

ಇನ್ನು ಔಷಧಿಯ ವಿಚಾರ. ಯುರೋಪಿನ ಉದ್ಯಮ ವರ್ಗೀಕರಣದಲ್ಲಿ ರಾಸಾಯನಿಕಕ್ಕೆ 20, ಔಷಧಕ್ಕೆ 21 ಎಂದು ಬೇರೆ ಬೇರೆ ಸಂಕೇತವಿದೆ. ಕೆಲವು ಕೋಷ್ಟಕಗಳಲ್ಲಿ ಎರಡನ್ನೂ ಕೂಡಿಸಿಬಿಟ್ಟಿರುತ್ತಾರೆ. ಆಗ ಅಮೆರಿಕದ ಔಷಧ ಕಂಪನಿಗಳು ಬೀಡುಬಿಟ್ಟ ಐರ್ಲೆಂಡ್, ಔಷಧ ತಯಾರಕ ನೋವೊ ನಾರ್ಡಿಸ್ಕ್ ಇರುವ ಡೆನ್ಮಾರ್ಕ್ ದೈತ್ಯರಾಗಿ ಎದ್ದು ನಿಲ್ಲುತ್ತವೆ. ಆಂಟ್‌ವರ್ಪ್ ಬಂದರಿನ ಸುತ್ತ ಅಷ್ಟೊಂದು ಕಾರ್ಖಾನೆ ಕಟ್ಟಿದ ಬೆಲ್ಜಿಯಂ ಸಪ್ಪೆಯಾಗಿ ಕಾಣಬಹುದು. ಪಟ್ಟಿ ಸಿದ್ಧವಾದ ಮೇಲೆ ನನಗೊಂದು ಪ್ರತಿ ಕಳಿಸು, ಮೊದಲು ಐರ್ಲೆಂಡಿನ ಸಾಲನ್ನೇ ನೋಡುತ್ತೇನೆ.