ಹಿಂಡಿಯ ಖರೀದಿ: ಪ್ರೋಟೀನ್ ಪ್ರಮಾಣವೊಂದೇ ಮಾನದಂಡವೇ?

ಕೋಳಿ ಆಹಾರ ತಯಾರಿಸುವ ಸಣ್ಣ ಉದ್ಯಮಿಗಳು ಹಿಂಡಿಯನ್ನು ಖರೀದಿಸುವಾಗ ಸಾಮಾನ್ಯವಾಗಿ ಎರಡೇ ಅಂಶಗಳನ್ನು ಪರಿಶೀಲಿಸುತ್ತಾರೆ: ಪ್ರೋಟೀನ್ ಶೇಕಡಾ ಎಷ್ಟು, ಕ್ವಿಂಟಾಲಿಗೆ ದರವೆಷ್ಟು. ಅಢಾವೆ ಪತ್ರಿಕೆಯ ಒಟ್ಟು ಮೊತ್ತವನ್ನಷ್ಟೇ ನೋಡಿ ಸಂಸ್ಥೆಯ ಆರೋಗ್ಯವನ್ನು ನಿರ್ಣಯಿಸಲಾಗದು. ಹಿಂಡಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

1. ಕೊರತೆಯ ವೆಚ್ಚ

ಪ್ರೋಟೀನ್ ಸುಮಾರು 20 ಬಗೆಯ ಅಮೈನೋ ಆಮ್ಲಗಳಿಂದ ಕೂಡಿದುದು. ಇವುಗಳಲ್ಲಿ ಕೆಲವನ್ನು ಕೋಳಿಯು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಅಂಥದೊಂದು ಕಡಿಮೆಯಾದರೆ ಉಳಿದವು ಎಷ್ಟಿದ್ದರೂ ಬೆಳವಣಿಗೆ ಕುಂಠಿತಗೊಳ್ಳುತ್ತದೆ.

ಉದಾಹರಣೆಗೆ, ಶೇ. 45 ಪ್ರೋಟೀನ್ ಇರುವ 100 ಕೆ.ಜಿ. ಸೋಯಾ ಹಿಂಡಿಯಲ್ಲಿ ಸುಮಾರು 2.8 ಕೆ.ಜಿ. ಲೈಸಿನ್ ಇದ್ದರೆ, ಅಷ್ಟೇ ಪ್ರೋಟೀನಿನ ಶೇಂಗಾ ಹಿಂಡಿಯಲ್ಲಿ ಸುಮಾರು 1.5 ಕೆ.ಜಿ. ಮಾತ್ರ. ಈ 1.3 ಕೆ.ಜಿ. ಕೊರತೆಯನ್ನು ತುಂಬಲು, ಶೇ. 78 ಲೈಸಿನ್ ಉಳ್ಳ ಲೈಸಿನ್ ಹೈಡ್ರೋಕ್ಲೋರೈಡ್ ಸುಮಾರು 1.67 ಕೆ.ಜಿ. ಬೇಕು. ಅದರ ಬೆಲೆಯನ್ನು ಶೇಂಗಾ ಹಿಂಡಿಯ ದರಕ್ಕೆ ಸೇರಿಸಿದ ನಂತರವೇ ಎರಡನ್ನೂ ಹೋಲಿಸತಕ್ಕದ್ದು. ಮೆಥಿಯೋನಿನ್ ಕೊರತೆಯನ್ನೂ ಹೀಗೆಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2. ಅತಿಯಾದರೂ ನಷ್ಟ

ಹೆಚ್ಚುವರಿ ಅಮೈನೋ ಆಮ್ಲವನ್ನು ಕೋಳಿಯು ದಾಸ್ತಾನು ಮಾಡಲಾರದು; ಅದರ ಸಾರಜನಕವು ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೊರಹೋಗುತ್ತದೆ. ಲೈಸಿನ್ ಮಿತಿಮೀರಿದರೆ ಮರಿಗಳಿಗೆ ಆರ್ಜಿನೈನ್ ಅಗತ್ಯ ಏರುತ್ತದೆ. ಮೆಥಿಯೋನಿನ್ ಅತಿಯಾದರೆ ವಿಷಕಾರಿ. ಕೋಳಿಗಳು ಆಹಾರ ತಿನ್ನುವುದೇ ಕಡಿಮೆಯಾಗುತ್ತದೆ. ಆದ್ದರಿಂದ ಇವುಗಳನ್ನು ನಿಖರವಾಗಿ ತೂಗಿ, ಮೊದಲು ಸ್ವಲ್ಪ ಹಿಟ್ಟಿನೊಡನೆ ಬೆರೆಸಿ, ಅನಂತರ ಇಡೀ ಮಿಶ್ರಣಕ್ಕೆ ಸೇರಿಸುವುದು ಕ್ಷೇಮ.

3. ಕಲಬೆರಕೆಯ ಅಪಾಯ

ಪ್ರಚಲಿತ ಪರೀಕ್ಷೆಯು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತದೆ. ಮೆಲಮೈನ್‌ನಲ್ಲಿ ಶೇ. 66ಕ್ಕೂ ಹೆಚ್ಚು ಸಾರಜನಕವಿದೆ. 100 ಕೆ.ಜಿ. ಸರಕಿಗೆ ಒಂದು ಕೆ.ಜಿ. ಬೆರೆಸಿದರೆ ವರದಿಯಲ್ಲಿ ಪ್ರೋಟೀನ್ ಪ್ರಮಾಣ ಸುಮಾರು 4 ಅಂಶ ಏರಿಬಿಡುತ್ತದೆ! 2007ರಲ್ಲಿ ಚೀನಾದಿಂದ ಬಂದ ಇಂತಹ ಸರಕಿನಿಂದಾಗಿ ಅಮೆರಿಕದಲ್ಲಿ ನಾಯಿ, ಬೆಕ್ಕುಗಳ ಮೂತ್ರಪಿಂಡಗಳು ವಿಫಲಗೊಂಡು, ತಯಾರಕರು ಮಾರುಕಟ್ಟೆಯಿಂದ ಮಾಲನ್ನು ಹಿಂಪಡೆಯಬೇಕಾಯಿತು. 2008ರಲ್ಲಿ ಚೀನಾದ ಹಾಲಿನ ಪುಡಿಯಲ್ಲಿ ಇದೇ ಮೋಸ ನಡೆದು ಶಿಶುಗಳು ಪ್ರಾಣ ಕಳೆದುಕೊಂಡವು.

4. ಅನುಸರಿಸಬೇಕಾದ ಕ್ರಮಗಳು

ಅ) ಖರೀದಿ ಆದೇಶದಲ್ಲಿ ಪ್ರೋಟೀನಿನೊಂದಿಗೆ ಲೈಸಿನ್, ಮೆಥಿಯೋನಿನ್ ಕನಿಷ್ಠ ಪ್ರಮಾಣವನ್ನೂ ನಮೂದಿಸಬೇಕು.

ಆ) ಯೂರಿಯಾ, ಮೆಲಮೈನ್ ಬೆರೆಸಿಲ್ಲವೆಂಬ ಷರತ್ತನ್ನು ಸೇರಿಸಬೇಕು.

ಇ) ಪ್ರತಿ ಲಾಟಿನ ಮಾದರಿಯನ್ನು ಉಭಯತ್ರರ ಸಹಿಯೊಂದಿಗೆ ಮೊಹರು ಮಾಡಿ ಕಾಯ್ದಿರಿಸಬೇಕು.

ಪರೀಕ್ಷಾ ಶುಲ್ಕವನ್ನು ಅನವಶ್ಯಕ ವೆಚ್ಚವೆಂದು ಭಾವಿಸದೆ, ದಾಸ್ತಾನಿನ ವಿಮೆಯಂತೆ ಪರಿಗಣಿಸುವುದು ವಿವೇಕಯುತ.