ಚಿಕಿತ್ಸೆಯ ನಾಲ್ಕು ಪಾದಗಳು ಮತ್ತು ಊರಿನ ವೈದ್ಯಶಾಲೆ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಂತಿದೆ ಎಂದು ಚರಕ ಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಇವೇ ಆ ನಾಲ್ಕು. ಒಂದೊಂದು ಪಾದಕ್ಕೆ ನಾಲ್ಕು ಗುಣಗಳಂತೆ ಒಟ್ಟು ಹದಿನಾರು ಗುಣಗಳು ಕೂಡಿದಾಗ ಚಿಕಿತ್ಸೆ ಫಲಿಸುತ್ತದೆ. ಹಣವು ಈ ಪಾದಗಳಲ್ಲಿ ಒಂದಲ್ಲ. ಆದರೆ ನಾಲ್ಕೂ ಪಾದಗಳು ಊರಿ ನಿಲ್ಲುವ ನೆಲ ಅದೇ. ಆ ನೆಲವು ಈಗ ಸಣ್ಣ ಊರುಗಳಲ್ಲಿ ಕುಸಿಯುತ್ತಿದೆ. ಈ ವಿಭಾಗದಲ್ಲಿ ಪಥ್ಯ, ದಿನಚರ್ಯೆಗಳನ್ನು ಓದುವ ಸದ್ಭಕ್ತರು ಈ ತಿಂಗಳು ವೈದ್ಯಶಾಲೆಯ ಆರೋಗ್ಯವನ್ನು ಕುರಿತು ಸ್ವಲ್ಪ ಚಿಂತಿಸಬೇಕೆಂಬುದು ನಮ್ಮ ವಿನಂತಿ.

ನಾವಿರುವ ಹೋಬಳಿ ಕೇಂದ್ರದಲ್ಲಿ ಹತ್ತು ಹಾಸಿಗೆಗಳ ಒಂದು ನರ್ಸಿಂಗ್ ಹೋಂ ಇತ್ತು. ಅದು ಬಾಗಿಲು ಮುಚ್ಚಿದ ಕೆಲವೇ ದಿನಗಳಲ್ಲಿ, ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ನಡುರಾತ್ರಿ ಮೂತ್ರ ಕಟ್ಟಿಕೊಂಡಿತು. ಆಯುರ್ವೇದವು ಇದನ್ನು ಮೂತ್ರಾಘಾತವೆಂದು ಕರೆಯುತ್ತದೆ. ವೃದ್ಧರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದಾಗ ಹೀಗಾಗುವುದುಂಟು. ಕೊಳವೆಯೊಂದನ್ನು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಶಮನವಾಗುವ ಆ ಬಾಧೆಗಾಗಿ ಅವರು ಬಾಡಿಗೆ ಜೀಪಿನಲ್ಲಿ ನಲವತ್ತು ಕಿಲೋಮೀಟರು ನರಳುತ್ತ ಹೋಗಬೇಕಾಯಿತು. ಅನಂತರ ಅವರ ಮಗ ನಮ್ಮಲ್ಲಿಗೆ ಬಂದು, "ಆ ಡಾಕ್ಟರು ಇದ್ದಾಗ ಫೀ ಹೆಚ್ಚಾಯಿತೆಂದು ಜಗಳ ಮಾಡಿದವರಲ್ಲಿ ನಾನೂ ಒಬ್ಬನಿದ್ದೆನ್ರೀ" ಎಂದು ತಲೆ ತಗ್ಗಿಸಿದರು.

ಒತ್ತಡವು ಎಲ್ಲಿಂದ ಬಂದಿತು?

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು 2007ರಲ್ಲಿ ಬಂದು 2017ರಲ್ಲಿ ತಿದ್ದುಪಡಿಯಾಯಿತು. ಅದರಂತೆ ವೈದ್ಯಶಾಲೆಯು ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. 2016ರ ನಿಯಮಗಳಂತೆ ವೈದ್ಯಕೀಯ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸಿ ಸಾಗಿಸಬೇಕು. ಇವೆಲ್ಲವೂ ರೋಗಿಯ ಹಿತಕ್ಕಾಗಿ ಇರುವ ಒಳ್ಳೆಯ ನಿಯಮಗಳೇ. ಆದರೆ ಇವುಗಳ ವೆಚ್ಚವು ದೊಡ್ಡ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳ ಮೇಲೆ ಹಂಚಿಹೋಗುತ್ತದೆ. ಸಣ್ಣ ವೈದ್ಯಶಾಲೆಯಲ್ಲಿ ಕೆಲವರ ಮೇಲೆಯೇ ಬೀಳುತ್ತದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಭದ್ರತೆ ನೀಡಿತು. ಅಸಂಖ್ಯ ಮನೆಗಳನ್ನು ಸಾಲದಿಂದ ಉಳಿಸಿದ ಕಾರ್ಯವಿದು. ಆದರೆ ಅದರ ಮುಖ್ಯ ಲಕ್ಷ್ಯ ಆಸ್ಪತ್ರೆಗೆ ದಾಖಲಾಗುವ ರೋಗಿ. ಜ್ವರ, ಕೆಮ್ಮು, ಅಜೀರ್ಣಗಳಿಗೆ ಊರಿನ ವೈದ್ಯನು ನೀಡುವ ಸಲಹೆಗೆ ಇಂದಿಗೂ ರೋಗಿಯೇ ಹಣ ಕೊಡಬೇಕು.

ವೈದ್ಯನ ಪಾದ

ನಾವು ವೃತ್ತಿಗಿಳಿದ ಕಾಲದಲ್ಲಿ ವೈದ್ಯನು ಚೂರ್ಣ, ಕಷಾಯಗಳನ್ನು ತಾನೇ ಸಿದ್ಧಪಡಿಸಿ ಕೊಡುತ್ತಿದ್ದನು. ಅವನ ಶ್ರಮದ ಬೆಲೆಯು ಪುಡಿಯ ಪೊಟ್ಟಣದೊಳಗೇ ಅಡಗಿರುತ್ತಿತ್ತು. ಈಗ ಸಿದ್ಧ ಔಷಧಗಳು ಅಂಗಡಿಯಲ್ಲಿಯೂ ಮೊಬೈಲಿನಲ್ಲಿಯೂ ದೊರೆಯುತ್ತವೆ. ಪೊಟ್ಟಣ ಹೋಯಿತು, ಅದರೊಂದಿಗೆ ವೈದ್ಯನ ಆದಾಯವೂ ಹೋಯಿತು. ನಾವು ಸಲಹಾ ಶುಲ್ಕದ ಫಲಕ ಹಾಕಿದ ದಿನ, "ನಾಡಿ ಹಿಡಿದಿದ್ದಕ್ಕೂ ರೊಕ್ಕವೇನ್ರೀ?" ಎಂದು ಹಳೆಯ ರೋಗಿಗಳು ನೊಂದುಕೊಂಡರು.

ಅದೇ ಸಮಯದಲ್ಲಿ ಪ್ರಯೋಗಾಲಯವೊಂದರ ಕಡೆಯವರು ಬಂದು, ಕಳುಹಿಸಿದ ಪ್ರತಿಯೊಂದು ರಕ್ತಪರೀಕ್ಷೆಗೂ ಪಾಲು ಕೊಡುವುದಾಗಿ ಹೇಳಿದರು. ಆ ತಿಂಗಳು ಸಹಾಯಕಿಯ ಸಂಬಳಕ್ಕೆ ಹಣ ಸಾಲದೆ ಇತ್ತು. ನಮ್ಮ ಮನಸ್ಸು ತೂಗಾಡಿದ್ದು ಸುಳ್ಳಲ್ಲ. ಚರಕರು ವೈದ್ಯನಿಗೆ ಹೇಳಿದ ನಾಲ್ಕನೆಯ ಗುಣ ಶೌಚ. ಅದು ಕೈಯ ಶುಚಿಯಷ್ಟೇ ಅಲ್ಲ, ಲೆಕ್ಕದ ಶುಚಿಯೂ ಹೌದೆಂದು ನಾವು ಅಂದು ಅರ್ಥಮಾಡಿಕೊಂಡೆವು. ಪಾಲನ್ನು ಬೇಡವೆಂದೆವು, ಬದಲಿಗೆ ಲೆಕ್ಕದ ಪುಸ್ತಕ ತೆರೆದೆವು.

ಉದಾಹರಣೆಗೆ ಬಾಡಿಗೆ, ಸಂಬಳ, ವಿದ್ಯುತ್ತು, ತ್ಯಾಜ್ಯ ಸಾಗಣೆ ಸೇರಿ ತಿಂಗಳಿಗೆ 30,000 ರೂಪಾಯಿ ವೆಚ್ಚವಿದ್ದು, 500 ರೋಗಿಗಳು ಬಂದರೆ, ತಲಾ 60 ರೂಪಾಯಿ ವೆಚ್ಚಕ್ಕೇ ಸಲ್ಲುತ್ತದೆ. ವೈದ್ಯನ ಮನೆಗೆ ಇನ್ನೂ ಒಂದು ಪೈಸೆಯೂ ಹೋಗಿರುವುದಿಲ್ಲ. ಈ ಲೆಕ್ಕ ತಿಳಿಯದ ವೈದ್ಯನು ಫೀ ಕಡಿಮೆಯಿಟ್ಟು, ನಷ್ಟವನ್ನು ಅನಗತ್ಯ ಪರೀಕ್ಷೆಗಳಲ್ಲಿ ತುಂಬಿಕೊಳ್ಳುವ ದಾರಿ ಹಿಡಿಯುವ ಅಪಾಯವಿದೆ. ಮುಚ್ಚಿಟ್ಟ ಫೀ ಎಂದಿಗೂ ಅಗ್ಗವಲ್ಲ.

ಕಿರಿಯ ವೈದ್ಯರಿಗೆ ಇನ್ನೊಂದು ಮಾತು: ಒಬ್ಬರೇ ಹೊರಲಾರದ ಭಾರವನ್ನು ಹಂಚಿಕೊಳ್ಳಿರಿ. ನಾವೂ, ಒಬ್ಬ ದಂತವೈದ್ಯರೂ, ನಿವೃತ್ತ ಎಂ.ಬಿ.ಬಿ.ಎಸ್. ವೈದ್ಯರೊಬ್ಬರೂ ಒಂದೇ ಕಟ್ಟಡಕ್ಕೆ ಬಂದೆವು. ಚಿಕಿತ್ಸೆ ಅವರವರದು, ಬಾಡಿಗೆ, ಯುಪಿಎಸ್, ಸಹಾಯಕಿ ಮೂವರಿಗೂ ಸೇರಿದ್ದು. ನಮ್ಮ ಪದ್ಧತಿಗೆ ಮೀರಿದ ರೋಗಿಯನ್ನು ಪಕ್ಕದ ಕೋಣೆಗೆ ಕಳುಹಿಸುವ ಅನುಕೂಲವೂ ಆಯಿತು.

ಔಷಧ ಮತ್ತು ಪರಿಚಾರಕ

ಔಷಧದ ಗುಣಗಳಲ್ಲಿ ಮೊದಲನೆಯದು ಬಹುತಾ, ಎಂದರೆ ಹೇರಳವಾಗಿ ದೊರೆಯುವುದು. ಗುಗ್ಗುಲುವಿನಂತಹ ಗಿಡವೇ ಇಂದು ಅಳಿವಿನಂಚಿನಲ್ಲಿದೆ. ಆದುದರಿಂದ ಶುಂಠಿ, ಜೀರಿಗೆ, ಅಮೃತಬಳ್ಳಿಗಳಿಂದ ಆಗುವ ಕೆಲಸಕ್ಕೆ ದುಬಾರಿ ಔಷಧ ಬರೆಯದಿರುವುದು ವಿವೇಕ. ಪರಿಚಾರಕರ ವಿಷಯದಲ್ಲಿ ಒಂದೇ ಮಾತು: ವೆಚ್ಚ ತಗ್ಗಿಸುವಾಗ ಮೊದಲು ಅವರ ಸಂಬಳಕ್ಕೆ ಕೈ ಹಾಕಬಾರದು. ಗಾಯ ತೊಳೆಯುವ ಅನುಭವಿ ಕೈಯೊಂದು ಹೋದರೆ ಮರಳಿ ಬರುವುದು ಕಷ್ಟ.

ರೋಗಿಯ ಪಾದ

ಇದು ಸದ್ಭಕ್ತರ ಪಾಲಿನ ಕರ್ತವ್ಯ. ಚರಕರು ರೋಗಿಗೂ ನಾಲ್ಕು ಗುಣಗಳನ್ನು ಹೇಳಿದ್ದಾರೆ. ಇಂದಿನ ಕಾಲಕ್ಕೆ ಅವುಗಳನ್ನು ಹೀಗೆ ಆಚರಿಸಬಹುದು.

ಸ್ಮೃತಿ: ಹಳೆಯ ಚೀಟಿ, ವರದಿಗಳನ್ನು ಒಂದು ಫೈಲಿನಲ್ಲಿಡಿರಿ. ಮಾಡಿಸಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ.

ನಿರ್ದೇಶಕಾರಿತ್ವ: ಹೇಳಿದ ಪಥ್ಯದಂತೆ ನಡೆಯಿರಿ. "ಒಂದು ಸೂಜಿ ಚುಚ್ಚಿರಿ, ಸಲೈನ್ ಬಾಟಲಿ ಹಚ್ಚಿರಿ" ಎಂದು ವೈದ್ಯನನ್ನು ಪೀಡಿಸದಿರಿ. ಸಲಹೆಗೆ ಹಣ ಕೊಡದವರು ಸೂಜಿಗೆ ಹಣ ಕೊಟ್ಟಾಗ, ಬೇಡದ ಸೂಜಿಯನ್ನು ಬೆಳೆಸಿದವರು ನಾವೇ ಆಗುತ್ತೇವೆ.

ಅಭೀರುತ್ವ: ಅಂಜದೆ ದರಪಟ್ಟಿಯನ್ನು ನೋಡಿರಿ. ಈ ಪರೀಕ್ಷೆ ಏತಕ್ಕೆಂದು ವಿನಯದಿಂದ ಕೇಳಿರಿ. ಪ್ರಾಮಾಣಿಕ ವೈದ್ಯನು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ.

ಜ್ಞಾಪಕತ್ವ: ರೋಗವನ್ನು ಇದ್ದಂತೆ ಹೇಳುವಂತೆಯೇ ಹಣವಿಲ್ಲದಿದ್ದರೆ ಅದನ್ನೂ ಹೇಳಿರಿ. ನಾಚಿಕೆಯಿಂದ ಅರ್ಧಕ್ಕೆ ಔಷಧ ಬಿಟ್ಟವರನ್ನು ನಾವು ಬಹಳ ಕಂಡಿದ್ದೇವೆ. ತಿಳಿಸಿದರೆ ಅಗ್ಗದ ದಾರಿಯೊಂದನ್ನು ಹುಡುಕಬಹುದು.

ಹಲವರು ಸ್ವಲ್ಪ ಸ್ವಲ್ಪ ಕೊಟ್ಟರೆ ಭಾರ ಹಗುರಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತವಿದೆ. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆ ಆರಂಭವಾದಾಗ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ ಮಾತ್ರ. ಅದರಿಂದ ಹೃದಯದ ಶಸ್ತ್ರಚಿಕಿತ್ಸೆಯೂ ಸಾಧ್ಯವಾಯಿತು. ಊರಿನ ವೈದ್ಯಶಾಲೆಗೂ ಇದೇ ನ್ಯಾಯ ಸಲ್ಲುತ್ತದೆ. ಉಳ್ಳವರು ಸಣ್ಣ ಕಾಯಿಲೆಗೂ ನಗರಕ್ಕೆ ಓಡದೆ ಊರಿನಲ್ಲಿಯೇ ತೋರಿಸಿ, ನ್ಯಾಯವಾದ ಫೀಯನ್ನು ಸಂತೋಷದಿಂದ ಕೊಟ್ಟರೆ, ಇಲ್ಲದವರನ್ನು ಫೀ ಇಲ್ಲದೆ ನೋಡುವ ಶಕ್ತಿ ವೈದ್ಯನಿಗೆ ಉಳಿಯುತ್ತದೆ.

ನಡುರಾತ್ರಿ ತಟ್ಟಲು ಬಾಗಿಲೊಂದು ಊರಿನಲ್ಲಿ ಬೇಕಾದರೆ, ಹಗಲಿನಲ್ಲಿ ಆ ಬಾಗಿಲನ್ನು ಉಳಿಸಿಕೊಳ್ಳಬೇಕು. ವೈದ್ಯರು ಲೆಕ್ಕವನ್ನು ಬಿಚ್ಚಿಡಲಿ, ಭಕ್ತರು ಅದನ್ನು ನ್ಯಾಯದಿಂದ ನೋಡಲಿ. ಆಗ ನಾಲ್ಕು ಪಾದಗಳೂ ನೆಲ ಕಂಡುಕೊಳ್ಳುತ್ತವೆ.