ನುಡಿನಮನ ಬರೆಯುವ ಮೊದಲು

ಮಗಾ, ಪತ್ರಕರ್ತ ಎಂ.ವಿ. ಕಾಮತರ ಪುಣ್ಯತಿಥಿಗೆಂದು ನೀನು ಬರೆದ ನುಡಿನಮನದ ಕರಡನ್ನು ನಿಧಾನವಾಗಿ ಓದಿದೆ. ಭಾಷೆ ಚೆನ್ನಾಗಿದೆ, ಗೌರವವೂ ಇದೆ. ಆದರೆ ಕಾಮತರು ಅದರಲ್ಲಿ ಇಲ್ಲ. ‘ತುಂಬಲಾರದ ನಷ್ಟ’, ‘ಮೇರು ವ್ಯಕ್ತಿತ್ವ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಇವನ್ನೆಲ್ಲ ಹೊಡೆದುಹಾಕಿ ನೋಡು. ಉಳಿಯುವುದು ಹುಟ್ಟಿದ ದಿನ, ತೀರಿಕೊಂಡ ದಿನ, ಪ್ರಶಸ್ತಿಯ ಹೆಸರು, ಅಷ್ಟೇ. ಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದ ಕಾಲದಲ್ಲಿ ನನ್ನ ಮೇಜಿಗೆ ಬರುತ್ತಿದ್ದ ಶ್ರದ್ಧಾಂಜಲಿಗಳಲ್ಲಿ ಹೆಚ್ಚಿನವು ಹೀಗೇ ಇರುತ್ತಿದ್ದವು. ಹೆಸರೊಂದನ್ನು ಬದಲಿಸಿದರೆ ಶಾಲೆಯ ಮೇಷ್ಟ್ರಿಗೂ ಹೊಂದುತ್ತಿತ್ತು, ದೇವಸ್ಥಾನದ ಮೊಕ್ತೇಸರರಿಗೂ ಹೊಂದುತ್ತಿತ್ತು. ತೀರಿಕೊಂಡವರನ್ನು ಹೊಗಳುವುದಕ್ಕೆ ಶ್ರಮ ಬೇಡ. ಅವರು ಬದುಕಿದ್ದಾಗ ಏನು ಕೆಲಸ ಮಾಡಿದರು, ಅದನ್ನು ಯಾವ ಸ್ಥಿತಿಯಲ್ಲಿ ಮಾಡಿದರು ಎಂಬುದನ್ನು ತಪ್ಪಿಲ್ಲದೆ ಹೇಳುವುದಕ್ಕೆ ಶ್ರಮ ಬೇಕು. ಒಬ್ಬ ಪತ್ರಕರ್ತನಿಗೆ ಅದಕ್ಕಿಂತ ದೊಡ್ಡ ಗೌರವ ಇದೆಯೆಂದು ನನಗೆ ಅನಿಸುವುದಿಲ್ಲ.

ಹಾಗಾದರೆ ಎಲ್ಲಿಂದ ಶುರುಮಾಡುವುದು? ಪದ್ಮಭೂಷಣದಿಂದ ಬೇಡ. ಅದು 2004ರಲ್ಲಿ ಬಂತು, ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಉಡುಪಿಯಲ್ಲಿ 1921ರ ಸೆಪ್ಟೆಂಬರ್ 7ರಂದು ಹುಟ್ಟಿದ ಈ ಕೊಂಕಣಿ ಮನೆಯ ಹುಡುಗ ಓದಿದ್ದು ವಿಜ್ಞಾನ. ಪದವಿ ಮುಗಿಸಿ ಸುಮಾರು ಐದು ವರ್ಷ ರಸಾಯನಶಾಸ್ತ್ರಜ್ಞನಾಗಿ ದುಡಿದರು. ಪತ್ರಿಕೆಗೆ ಬಂದದ್ದು 1946ರಲ್ಲಿ, ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ಗೆ ವರದಿಗಾರನಾಗಿ. ಎಸ್. ಸದಾನಂದ್ ಕಟ್ಟಿದ ಪತ್ರಿಕೆ ಅದು. ಬ್ರಿಟಿಷ್ ಸರಕಾರ ಠೇವಣಿ ಮುಟ್ಟುಗೋಲು ಹಾಕಿಕೊಂಡರೂ ಬಗ್ಗದ ಪತ್ರಿಕೆ. ಅದೇ ವರ್ಷದ ಫೆಬ್ರವರಿಯಲ್ಲಿ ಮುಂಬಯಿ ಬಂದರಿನಲ್ಲಿ ನೌಕಾಪಡೆಯ ನಾವಿಕರು ಬಂಡಾಯ ಎದ್ದಿದ್ದರು. ಮುಂದೆ ಹೆಸರಾದ ಆರ್.ಕೆ. ಲಕ್ಷ್ಮಣ್ ಮತ್ತು ಬಾಳ್ ಠಾಕ್ರೆ ವ್ಯಂಗ್ಯಚಿತ್ರ ಬರೆದದ್ದೂ ಇದೇ ಪತ್ರಿಕೆಗೆ. ಪ್ರಯೋಗಶಾಲೆ ಬಿಟ್ಟು ಇಂಥ ಊರಿನ ಇಂಥ ಪತ್ರಿಕೆಗೆ ಬರುವವನಿಗೆ ಏನೆಲ್ಲ ಹೊಸದಾಗಿ ಕಲಿಯಬೇಕಾಗಿತ್ತು ಎಂದು ಯೋಚಿಸು. ನಿನ್ನ ತರಗತಿಯಲ್ಲಿ ಎಂಜಿನಿಯರಿಂಗ್ ಬಿಟ್ಟು ಬಂದವರು ‘ತಡವಾಯಿತೇನೋ’ ಎಂದು ಹೆದರುತ್ತಾರಂತಲ್ಲ, ಈ ಭಾಗವನ್ನು ಅವರಿಗೂ ತೋರಿಸು.

ನಿನ್ನ ಕರಡಿನಲ್ಲಿ ಒಂದು ಸಾಲಿದೆ: ‘ವಾಷಿಂಗ್ಟನ್ನಿನಲ್ಲೂ ಸೇವೆ ಸಲ್ಲಿಸಿದರು.’ ಇಷ್ಟೇ ಸಾಲದು, ಮಗಾ. 1969ರಿಂದ 1978ರವರೆಗೆ ಅವರು ಅಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದ ಬಾತ್ಮೀದಾರರು. ಆ ವರ್ಷಗಳಲ್ಲಿ ಏನೇನು ನಡೆಯಿತು ನೋಡು. 1971ರಲ್ಲಿ ಬಾಂಗ್ಲಾ ಯುದ್ಧ, ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಯತ್ತ ಹೊರಟದ್ದು. 1974ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ, ಆಗಸ್ಟಿನಲ್ಲಿ ವಾಟರ್‌ಗೇಟ್ ಹಗರಣದಿಂದ ನಿಕ್ಸನ್ ರಾಜೀನಾಮೆ. 1975ರಲ್ಲಿ ನಮ್ಮಲ್ಲಿ ತುರ್ತುಪರಿಸ್ಥಿತಿ. ಭಾರತಕ್ಕೂ ಅಮೆರಿಕಕ್ಕೂ ಮನಸ್ಸು ಕೆಟ್ಟಿದ್ದ ಕಾಲದಲ್ಲಿ ಭಾರತದ ಪತ್ರಕರ್ತನೊಬ್ಬ ಆ ರಾಜಧಾನಿಯಲ್ಲಿ ಕೂತು ಎರಡೂ ಕಡೆಯ ಮಾತು ಕೇಳಿ ಬರೆಯಬೇಕಿತ್ತು.

ಈಗ ಗಡಿಯಾರ ನೋಡು. ಚಳಿಗಾಲದಲ್ಲಿ ವಾಷಿಂಗ್ಟನ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಅಲ್ಲಿ ಮಧ್ಯಾಹ್ನದ ಪತ್ರಿಕಾಗೋಷ್ಠಿ ಮುಗಿಯುವಾಗ ಇಲ್ಲಿ ರಾತ್ರಿ ಹತ್ತು ದಾಟಿ ಪುಟ ಕಟ್ಟುವ ಹೊತ್ತಾಗಿರುತ್ತಿತ್ತು. ನಿಕ್ಸನ್ ಟಿ.ವಿ.ಯಲ್ಲಿ ರಾಜೀನಾಮೆ ಪ್ರಕಟಿಸಿದ್ದು ಆಗಸ್ಟ್ 8ರ ರಾತ್ರಿ ಒಂಬತ್ತಕ್ಕೆ, ನಮ್ಮಲ್ಲಿ 9ರ ಬೆಳಗ್ಗೆ ಆರೂವರೆ. ಆ ದಿನದ ಪತ್ರಿಕೆ ಆಗಲೇ ಮನೆಬಾಗಿಲಿಗೆ ಬಂದಿರುತ್ತಿತ್ತು. ಸುದ್ದಿ ಮೊದಲು ಹೇಳುವುದು ರೇಡಿಯೊದ ಪಾಲಾಯಿತು. ಮಾರನೆಯ ದಿನ ಪತ್ರಿಕೆ ಬಿಡಿಸುವವನಿಗೆ ರಾಜೀನಾಮೆಯ ಸಂಗತಿ ಹಳತು. ಅವನಿಗೆ ಬೇಕಾದದ್ದು ಇದು ಯಾಕಾಯಿತು, ನಮಗೆ ಇದರಿಂದ ಏನು ಎಂಬ ವಿವರ. ದೂರದೇಶದ ಬಾತ್ಮೀದಾರನ ಕೆಲಸ ಇಂಥಲ್ಲಿ ಗೊತ್ತಾಗುತ್ತದೆ. ಮೊದಲು ಹೇಳುವ ಅವಕಾಶ ತಪ್ಪಿದ ಮೇಲೂ ಓದುಗನಿಗೆ ಹೇಳಬೇಕಾದದ್ದು ಉಳಿದಿರುವಂತೆ ಅವನು ತಿಳಿದುಕೊಂಡಿರಬೇಕು. ಮೊಬೈಲಿಗೆ ಸುದ್ದಿ ಕ್ಷಣದಲ್ಲಿ ಬಂದು ಬೀಳುವ ಈ ದಿನಗಳಲ್ಲಿ ನಿನಗೂ ಇದೇ ಪಾಡು. ಆದ್ದರಿಂದ ಆ ಒಂಬತ್ತು ವರ್ಷಗಳ ಒಂದೆರಡು ವರದಿಗಳನ್ನಾದರೂ ಹುಡುಕಿ ತೆಗೆದು ಓದು. ಓದದೆ ‘ಶ್ರೇಷ್ಠ ವರದಿಗಾರ’ ಎಂದು ಬರೆಯಬೇಡ.

ವಾಷಿಂಗ್ಟನ್ನಿಗೂ ಮೊದಲು ಅವರು ಪಿಟಿಐ ಸುದ್ದಿಸಂಸ್ಥೆಗಾಗಿ ವಿಶ್ವಸಂಸ್ಥೆಯಲ್ಲಿದ್ದರು, ಆಮೇಲೆ ಯುರೋಪಿನಲ್ಲಿದ್ದರು. ಭಾರತಕ್ಕೆ ಮರಳಿದ ಮೇಲೆ, ಖುಷ್ವಂತ್ ಸಿಂಗ್ ಅವರ ನಂತರ, ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯ ಸಂಪಾದಕತ್ವ. ಇವುಗಳಿಗೆ ಒಂದೊಂದು ಸಾಲು ಸಾಕು. ಇಷ್ಟೆಲ್ಲ ಹುದ್ದೆಗಳನ್ನು ಕಂಡವರು 2002ರಲ್ಲಿ ಆತ್ಮಕಥೆ ಬರೆದಾಗ ‘ಎ ರಿಪೋರ್ಟರ್ ಅಟ್ ಲಾರ್ಜ್’ ಎಂದು ಹೆಸರಿಟ್ಟರು. ತಮ್ಮನ್ನು ವರದಿಗಾರನೆಂದೇ ಕರೆದುಕೊಂಡರು ಎನ್ನುವುದು ನಿನ್ನ ಬರಹದಲ್ಲಿ ಇರಲೇಬೇಕು.

ಇನ್ನು ಪ್ರಸಾರ ಭಾರತಿ. ‘ಅಧ್ಯಕ್ಷರಾಗಿ ಅನುಪಮ ಸೇವೆ’ ಎಂದಿದ್ದೀಯಲ್ಲ, ಆ ಅನುಪಮ ಯಾವುದು? ನಿನಗೆ ಗೊತ್ತಿದ್ದರೆ ಹೇಳು, ಇಲ್ಲವಾದರೆ ತೆಗೆ. ಮೊದಲು ಆ ಕುರ್ಚಿ ಎಂಥದ್ದೆಂದು ಓದುಗರಿಗೆ ತಿಳಿಸು. ಆಕಾಶವಾಣಿ, ದೂರದರ್ಶನ ಎರಡೂ ಸರಕಾರದ ಇಲಾಖೆಗಳಾಗಿದ್ದವು. ಅವನ್ನು ಮಂತ್ರಿಗಳ ಹಿಡಿತದಿಂದ ಬಿಡಿಸಿ ಪ್ರಸಾರ ಭಾರತಿ ಎಂಬ ಸ್ವಾಯತ್ತ ಸಂಸ್ಥೆ ಮಾಡುವ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬರಲು 1997 ಆಗಬೇಕಾಯಿತು. ಸ್ವಾಯತ್ತತೆ ಕಾಗದದಲ್ಲಿ ಬಂದರೂ ಹಣ ಬಹುಪಾಲು ಕೇಂದ್ರ ಸರಕಾರದಿಂದಲೇ ಬರಬೇಕು. ಬದುಕಿಡೀ ಪ್ರಶ್ನೆ ಕೇಳಿದ ಮನುಷ್ಯ ಎಂಬತ್ತರ ಪ್ರಾಯದಲ್ಲಿ ಉತ್ತರ ಕೊಡಬೇಕಾದ ಜಾಗದಲ್ಲಿ ಹೋಗಿ ಕೂತರು. ನನಗೆ ಅವರ ಬದುಕಿನಲ್ಲಿ ಅತ್ಯಂತ ಕುತೂಹಲದ ಘಟ್ಟ ಇದೇ. ವರದಿಗಾರನಿಗೆ ಒಬ್ಬ ಓದುಗನಿದ್ದರೆ ಸಾಕು; ಅಧ್ಯಕ್ಷನಿಗೆ ಮಂತ್ರಾಲಯ, ಸಂಸತ್ತು, ಸಾವಿರಾರು ನೌಕರರು, ಎಲ್ಲರ ಹಿಂದೆ ಎಲ್ಲೋ ಕೇಳುಗ.

ಆ ಕೇಳುಗನನ್ನು ನೋಡಬೇಕಾದರೆ ನೀನು ದೆಹಲಿಗೆ ಹೋಗಬೇಕಾಗಿಲ್ಲ. ಮಲ್ಪೆಯ ದಕ್ಕೆಗೆ ಹೋಗು, ಕಾಪುವಿನ ಕಡಲ ಬದಿಯ ಮನೆಗಳಿಗೆ ಹೋಗು. ಕಡಲಿಗಿಳಿಯುವ ಮೊದಲು ಹವಾಮಾನದ ಎಚ್ಚರಿಕೆಗೆ ರೇಡಿಯೊ ಹಚ್ಚುತ್ತಿದ್ದ ಹಿರಿಯರನ್ನು ಮಾತಾಡಿಸು. ಮಂಗಳೂರು ಆಕಾಶವಾಣಿ 1976ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ತುಳು, ಕೊಂಕಣಿ ಮಾತು ರೇಡಿಯೊದಲ್ಲಿ ಕೇಳಿ ಅವರಿಗೆ ಏನನಿಸಿತ್ತೆಂದು ಕೇಳು. ಜಾಹೀರಾತು ಕೊಡುವವರಿಲ್ಲದ ಭಾಷೆಗೆ, ಲಾಭ ತಾರದ ಹೊತ್ತಿಗೆ ಜಾಗ ಕೊಡುವುದು ಸಾರ್ವಜನಿಕ ಪ್ರಸಾರದ ಕೆಲಸ. ಕಾಮತರ ಕಾಲದಲ್ಲಿ ಆ ಕೆಲಸ ಎಷ್ಟು ನಡೆಯಿತು, ಎಲ್ಲಿ ತಡೆಯಿತು ಎಂದು ಗೊತ್ತಾಗಬೇಕಾದರೆ ಸಂಸತ್ತಿನಲ್ಲಿ ಮಂಡಿಸಿದ ವಾರ್ಷಿಕ ವರದಿಗಳಿವೆ. ಓದುವುದಕ್ಕೆ ಬೇಸರ ಬರುತ್ತದೆ, ಆದರೂ ಓದು. ಸಾರ್ವಜನಿಕ ಹುದ್ದೆಯಲ್ಲಿದ್ದವರ ನಿಜವಾದ ಲೆಕ್ಕ ಹಾರ ಹಾಕಿದ ಚಿತ್ರಗಳಲ್ಲಿ ಸಿಗುವುದಿಲ್ಲ, ಇಂಥ ಕಡತಗಳಲ್ಲೇ ಸಿಗುವುದು.

ಇನ್ನೊಂದು ಮಾತು ಹೇಳಲೇಬೇಕು. ನೀನು ಅವರ ಕೊನೆಯ ವರ್ಷಗಳ ರಾಜಕೀಯ ಬರಹಗಳನ್ನು ದಾಟಿಹೋಗಿದ್ದೀಯ. 2009ರಲ್ಲಿ ಕಾಲಿಂದಿ ರಾಂದೇರಿಯವರ ಜೊತೆ ಅವರು ಆಗಿನ ಗುಜರಾತ್ ಮುಖ್ಯಮಂತ್ರಿ ನರೇಂದ್ರ ಮೋದಿಯವರ ಜೀವನಚರಿತ್ರೆ ಬರೆದರು. ಅದನ್ನು ಮೆಚ್ಚಿದವರು ಇದ್ದಾರೆ, ಪತ್ರಕರ್ತ ಹೀಗೆ ಒಂದು ಕಡೆ ವಾಲಬಾರದು ಎಂದವರೂ ಇದ್ದಾರೆ. ಪುಣ್ಯತಿಥಿಯ ದಿನ ಇದು ಯಾಕೆ ಎಂದು ನೀನು ಬಿಟ್ಟಿರಬಹುದು. ಬಿಡಬೇಡ. ತಮಗೆ ಸರಿ ಕಂಡದ್ದನ್ನು ತೊಂಬತ್ತರ ಹತ್ತಿರದಲ್ಲೂ ಹೆಸರು ಹಾಕಿ ಬರೆದ ಮನುಷ್ಯನ ಅಭಿಪ್ರಾಯವನ್ನು ನಾವು ಮುಚ್ಚಿಟ್ಟರೆ ಅದು ಮರ್ಯಾದೆ ಆಗುವುದಿಲ್ಲ. ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು, ಕಾರಣ ಕೊಟ್ಟು, ಬಹುವಚನ ಬಿಡದೆ ಬರೆ. ಹಾಗೆಯೇ ಅದೊಂದನ್ನೇ ಹಿಡಿದು ಅರುವತ್ತು ವರ್ಷಗಳ ದುಡಿಮೆಯನ್ನು ಅಳೆಯಲೂ ಬೇಡ. ಅಮುಲ್‌ನ ಕುರಿಯನ್ ಬಗ್ಗೆ ಬರೆದವರೂ ಅವರೇ, ಕೆನರಾ ಬ್ಯಾಂಕಿನ ಇತಿಹಾಸ ಬರೆದವರೂ ಅವರೇ.

ಕೊನೆಗಾಲದಲ್ಲಿ ಅವರು ಮಣಿಪಾಲಕ್ಕೆ ಬಂದು ನೆಲೆಸಿದ್ದು ನಿನಗೆ ಗೊತ್ತೇ ಇದೆ. 1997ರಲ್ಲಿ ಶುರುವಾದ ನಿಮ್ಮ ಸಂವಹನ ಶಾಲೆಗೆ ಗೌರವ ನಿರ್ದೇಶಕರಾಗಿದ್ದರು. ಅವರ ಹೆಸರಿನ ದತ್ತಿ ಉಪನ್ಯಾಸ ಅಲ್ಲಿ ನಡೆಯುತ್ತದೆ. ವಾಷಿಂಗ್ಟನ್ ಕಂಡ ವರದಿಗಾರ ಎಪ್ಪತ್ತು ದಾಟಿದ ಮೇಲೆ ಎಳೆಯರಿಗಾಗಿ ಹೊತ್ತು ಕೊಟ್ಟರಲ್ಲ, ಅದನ್ನು ವಿಶೇಷಣವಿಲ್ಲದೆ ಹೇಳಿದರೂ ಓದುಗನಿಗೆ ತಟ್ಟುತ್ತದೆ. ಅವರ ಹಳೆಯ ವಿದ್ಯಾರ್ಥಿಗಳು ಉಡುಪಿ, ಮಂಗಳೂರು, ಬೆಂಗಳೂರಿನ ಪತ್ರಿಕೆಗಳಲ್ಲಿ ಸಿಗಬಹುದು. ‘ಹೇಗಿದ್ದರು’ ಎಂದು ಕೇಳಬೇಡ, ‘ಒಳ್ಳೆಯವರಿದ್ದರು’ ಎಂಬ ಉತ್ತರ ಬರುತ್ತದೆ. ‘ನಿಮ್ಮ ಕಾಪಿಯಲ್ಲಿ ಏನನ್ನು ತಿದ್ದಿದರು’ ಎಂದು ಕೇಳು.

ಅಂದಹಾಗೆ, ಅವರು ತೀರಿಕೊಂಡದ್ದು 2014ರ ಅಕ್ಟೋಬರ್ 9ರಂದು, ಮಣಿಪಾಲದಲ್ಲಿ, ತೊಂಬತ್ತಮೂರನೇ ವಯಸ್ಸಿನಲ್ಲಿ. ನಿನ್ನ ಕರಡಿನಲ್ಲಿ ತಿಂಗಳು ಸೆಪ್ಟೆಂಬರ್ ಎಂದಾಗಿದೆ. ಹುಟ್ಟಿದ ತಿಂಗಳು ಅಲ್ಲಿ ಸೇರಿಕೊಂಡಿದೆ. ಅದನ್ನು ಮೊದಲು ಸರಿಮಾಡು. ಆಮೇಲೆ ಗ್ರಂಥಾಲಯಕ್ಕೆ ಹೋಗು.